ಉತ್ಪತನ

ಫೋರ್ಟಿನ ಕನ್ನಡ ರಾತ್ರಿಶಾಲೆ.
ಒಂಬತ್ತೂ ಕಾಲಿಗೆ ಹಾಜರಿ. ನಮ್ಮ ಉಗುರುಗಳಲ್ಲಿನ್ನೂ
ಸಾಂಬಾರಿನ ಹಳದಿ, ಪಾತ್ರೆ ತಿಕ್ಕಿದ ಬೂದಿ.
ಹಗಲೆಲ್ಲ ಬ್ಯಾಂಕಿನಲ್ಲಿ ಪರರ ದುಡ್ಡು ಎಣಿಸಿ ಬಂದ
ಐತಪ್ಪ ಮಾಸ್ತರರು ಕರಿಹಲಗೆಯ ಮೇಲೆ ಬರೆದರು:
ಉತ್ಪತನ.
ಘನವು ದ್ರವವಾಗದೆ ನೇರ ಅನಿಲವಾಗುವುದು.

ಹಿಂದಿನ ಬೆಂಚಿನಿಂದ ಬೂಬ ಎದ್ದ.
"ಪತನ ಅಂದರೆ ಬೀಳುವುದಲ್ಲವಾ ಸಾರ್?
ಮೇಲೆ ಹೋಗುವ ಶಬ್ದದೊಳಗೆ ಅದಕ್ಕೇನು ಕೆಲಸ?"
ನಾವು ನಕ್ಕೆವು. ಮಾಸ್ತರರು ನಗಲಿಲ್ಲ.
"ಪತ್ – ಧಾತು ಒಂದೇ ಮಗಾ.
ಹಕ್ಕಿ ಹಾರುವುದಕ್ಕೂ ಅದೇ, ಹಣ್ಣು ಉದುರುವುದಕ್ಕೂ ಅದೇ.
ಎತ್ತ ಎಂದು ಹೇಳುವುದು
ಮುಂದೆ ಅಂಟಿಸಿದ ಆ ಚೋಟುದ್ದದ ಉತ್."

ನನಗದು ಹೊಸ ಪಾಠವೇನಲ್ಲ.
ಹೋಟೆಲಿನ ಕೈತೊಳೆಯುವ ಬೇಸಿನ್ನಿನಲ್ಲಿ
ಸೋಮವಾರ ನಾನೇ ಇಟ್ಟ ಡಾಂಬರು ಗುಳಿಗೆ
ಗುರುವಾರಕ್ಕೆ ಕಡಲೆ, ಶನಿವಾರಕ್ಕೆ ಸಾಸಿವೆ.
ಭಾನುವಾರ ಗಲ್ಲೆಯ ಧನಿಗಳು
ಕದ್ದೆಯಾ ಎಂದು ಕಿವಿ ಹಿಂಡಿದಾಗ
ನನ್ನ ಬಳಿ ಪದವಿರಲಿಲ್ಲ.

ಸಿಕ್ಕಿದ ಮೇಲೆ ಅದು ಸುಮ್ಮನೆ ಬಿಡಲಿಲ್ಲ.
ಗಣಪತಿ ಪಟದ ಹಿಂದೆ ಕರ್ಪೂರ
(ಹಚ್ಚಿದ್ದಲ್ಲ, ಮರೆತಿಟ್ಟದ್ದು).
ಆಮೇಲೆ, ಬೂಬ.

ಶಟರ್ ಎಳೆದ ಮೇಲೆ ಮೇಜು ಜೋಡಿಸಿ
ನನ್ನ ಪಕ್ಕ ಮಲಗುತ್ತಿದ್ದವನು
ಒಂದು ಬೆಳಗ್ಗೆ ಇಲ್ಲ.
ಜಗಳವಿಲ್ಲ, ಜ್ವರವಿಲ್ಲ,
ಹನ್ನೊಂದು ದಿನದ ಸಂಬಳ ಕೇಳಲೂ ಇಲ್ಲ.
ಹಡಗು ಹತ್ತಿದ ಎಂದರು. ವಿರಾರಿನಲ್ಲಿ ಕಂಡೆ ಎಂದರು.
ಉತ್ತೋ, ಬರಿಯ ಪತನವೋ,
ಯಾರಿಗೂ ತಿಳಿಯದು.
ಒಂದು ಹನಿ ನೀರಾಗದೆ ಹೋದ,
ಮೇಜಿನ ಮೇಲೆ ಒದ್ದೆ ಕೂಡ ಉಳಿಸದೆ.

ವಾರ್ಷಿಕ ಪರೀಕ್ಷೆ, ಪ್ರಶ್ನೆ ನಾಲ್ಕು:
ಉತ್ಪತನಕ್ಕೆ ಮೂರು ಉದಾಹರಣೆ ಕೊಡಿ.
ಕರ್ಪೂರ, ಬರೆದೆ.
ಡಾಂಬರು ಗುಳಿಗೆ, ಬರೆದೆ.
ಮೂರನೆಯದನ್ನು ಬರೆದು
ಓದಲು ಬಾರದಂತೆ ಗೀಚಿದೆ.

ಉತ್ತರಪತ್ರಿಕೆ ಮರಳಿದಾಗ
ಗೀಚಿದ್ದರ ಪಕ್ಕ, ಕೆಂಪು ಶಾಯಿಯಲ್ಲಿ
ಅರ್ಧ ಅಂಕ.
ಕೊಟ್ಟದ್ದೇಕೆಂದು ನಾನು ಕೇಳಲಿಲ್ಲ,
ಕಳೆದದ್ದೇಕೆಂದೂ ಕೇಳಲಿಲ್ಲ.
ಮಾಸ್ತರರು ಕನ್ನಡಕ ಒರೆಸಿಕೊಂಡು
ಮುಂದಿನ ಪಾಠಕ್ಕೆ ಹೋದರು: ಸನ್ನೆಗಳು.

ಈಗ ಡೊಂಬಿವಲಿಯಲ್ಲಿ, ಮಳೆ ಮುಗಿದ ಮೇಲೆ
ಬಟ್ಟೆಗಳ ಟ್ರಂಕು ತೆಗೆಯುತ್ತೇನೆ.
ಹೋದ ವರ್ಷ ಮಡಿಕೆಯಲ್ಲಿಟ್ಟ ಗುಳಿಗೆಗಳಿಲ್ಲ;
ಅವನ್ನು ಸುತ್ತಿದ್ದ ಕಾಗದವಿದೆ,
ಇನ್ನೂ ದುಂಡಗೆ.