ಎರಡನೇ ಚರಣದ ಮುಂಚಿನ ಉಸಿರು

ಒಟ್ಟು ಹದಿನೇಳು ಜನ.
ಅದರಲ್ಲಿ ಇಬ್ಬರು ಕುರ್ಚಿ ಹೊತ್ತು ತಂದವರು,
ಒಬ್ಬ ಮೊಬೈಲು ಚಾರ್ಜಿಗಿಡಲು ಒಳಗೆ ಬಂದವ.
ತೋಟ ಬೆಂಗ್ರೆಯ ಬಲೆ ಹೆಣೆಯುವ ಶೆಡ್ಡು;
ಗಿಟಾರಿನ ತಂತಿಗೂ ಉಪ್ಪು ಹತ್ತಿ
ಬೆರಳಲ್ಲಿ ಒಣಮೀನಿನ ವಾಸನೆ.
ಎಂಟು ಹಾಡು ಮುಗಿಸಬೇಕು
ಕೊನೆಯ ದೋಣಿ ಬಂದರಿನ ಕಡೆ ಹೊರಡುವ ಮೊದಲು.
ಏಳನೆಯದರ ನಡುವೆಯೇ ದೋಣಿಯವ ಹಾರನ್ ಊದಿದ.
ಯಾರೂ ಏಳಲಿಲ್ಲ.
ಚಾರ್ಜಿಗಿಟ್ಟವನೂ.

ಆ ಏಳನೆಯದನ್ನು ಫೋನಿನಲ್ಲಿ ಹಿಡಿದಿಟ್ಟದ್ದು
ಐಸಮ್ಮನ ಮಗಳು.
ಕೇಳಿದರೆ, ಟ್ಯೂಬ್‌ಲೈಟಿನ ಗುಂಯ್,
ಯಾರದೋ ಕೆಮ್ಮು, ಆ ಹಾರನ್,
ಮತ್ತೆ ಎರಡನೇ ಚರಣ ಎತ್ತುವ ಮುಂಚೆ
ನಾನು ಎಳೆದುಕೊಂಡ ಉಸಿರು,
ನೀರಲ್ಲಿ ಮುಳುಗಿ ಎದ್ದವನದ್ದರಷ್ಟು ದೊಡ್ಡದು.

ನಾಚಿಕೆಯಾಯಿತು.
ನಾಲ್ಕು ರೋಸ್ ಮನೆಗಳಲ್ಲಿ
ಬ್ಯಾಂಡು ಬಾರಿಸಿ ಕೂಡಿಟ್ಟ ದುಡ್ಡು ತೆಗೆದುಕೊಂಡು
ಕಂಕನಾಡಿಯ ಸ್ಟುಡಿಯೋಗೆ ಹೋಗಿ
ಅದೇ ಹಾಡು ಮತ್ತೆ ಹಾಡಿದೆ.
ಹೆಡ್‌ಫೋನಿನ ಹುಡುಗ ಪರದೆಯ ಮೇಲೆ
ನನ್ನ ಉಸಿರನ್ನು ನನಗೇ ತೋರಿಸಿದ:
ನೆಟ್ಟಗಿನ ಗೆರೆಯಲ್ಲೊಂದು ಇರುವೆಗೂಡು.
‘ತೆಗಿಲಿಕ್ಕುಂಟಾ?’
ತೆಗಿ, ಅಂದೆ.
ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸಿದ.
ಹಾಡು ಹೊರಗೆ ಬಂತು
ಆಸ್ಪತ್ರೆಯ ಒರೆಸಿದ ನೆಲದ ಹಾಗೆ.

ವಾರದಲ್ಲಿ ನಾಲ್ಕು ಸಾವಿರ ಮಂದಿ ಕೇಳಿದರಂತೆ.
ಹಾಗಂತ ಅಂಕಿ ಹೇಳಿತು.
ಅಂಕಿಯನ್ನು ದಿನಕ್ಕೆ ಹತ್ತು ಸಲ ತೆರೆದು ನೋಡಿದೆ,
ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋದ ಹಾಗೆ.
ಅದು ಕೆಮ್ಮಲಿಲ್ಲ. ಕುರ್ಚಿ ಎಳೆಯಲಿಲ್ಲ.
ಎಂಟನೆಯ ದಿನ ಫೋನು ಬಂತು:
‘ನಾನು ಐಸಮ್ಮ, ಬೆಂಗ್ರೆಯಿಂದ.
ಎಂತ ಮಾರಾಯ, ನನ್ನ ಲೆಕ್ಕ ತಪ್ಪಿಸಿ ಹಾಕಿದ್ದು ಎಂತಕ್ಕೆ?’

ದೋಣಿ ಹತ್ತಿ ಹೋದೆ.
ಜಗಲಿಯಲ್ಲಿ ಕಾಲು ನೀಡಿ ಕೂತಿದ್ದರು,
ಮಡಿಲಲ್ಲಿ ತಡ್ಪೆ, ಕತ್ತರಿ, ಒದ್ದೆ ಎಲೆ.
‘ಮಾತಾಡಬೇಡ, ನೋಡು.’
ಮಗಳು ಹಳೆಯ ಹಾಡು ಹಾಕಿದಳು.
ಎಲೆ, ಹೊಗೆಸೊಪ್ಪು, ಸುರುಳಿ, ನೂಲು.
ಒಂದು. ಎರಡು.
ಮೊದಲ ಚರಣಕ್ಕೆ ಐದು ಬೀಡಿ.
ಆಮೇಲೆ ಫೋನಿನೊಳಗೆ ನಾನು ಉಸಿರೆಳೆದೆ,
ಐಸಮ್ಮ ಬೆನ್ನು ನೇರ ಮಾಡಿ
ಹತ್ತು ಬೆರಳನ್ನೂ ಬಿಡಿಸಿ
ತಾವೂ ಎಳೆದರು.
ಎರಡನೆಯದಕ್ಕೆ ಮತ್ತೆ ಐದು.
‘ಒಂದು ಹಾಡಿಗೆ ಹತ್ತು. ನೂರು ಸಲ ಹಾಕಿದರೆ ಸಾವಿರ,
ಸಂಜೆಗೆ ಬ್ರಾಂಚಿಗೆ ಕೊಟ್ಟು ಬರುದು.
ನಿನ್ನ ಹೊಸದರಲ್ಲಿ ನಿಲ್ಲುದು ಎಲ್ಲಿ?’

ಹಾಡು ಕೊಂಕಣಿ. ಅವರ ಮನೆಮಾತು ಬ್ಯಾರಿ.
ಒಂದು ಪದವೂ ಗೊತ್ತಿಲ್ಲವಂತೆ.
ನಾನು ವರ್ಷವಿಡೀ ತಿದ್ದಿದ ಪದಗಳು.
‘ಎಂತದೋ ಇರ್ಲಿ, ಕೈಗೆ ಒಳ್ಳೆದಾಗ್ತದೆ.’

ದಿನಕ್ಕೆ ನೂರು ಸಲ, ಐದು ತಿಂಗಳು.
ಯಾವ ಅಂಕಿಗೂ ಗೊತ್ತಿಲ್ಲದ ಹಾಗೆ
ನಾನು ಈ ಜಗಲಿಯಲ್ಲಿ
ಒಬ್ಬರ ಸೊಂಟಕ್ಕೆ ಕಾವಲಿದ್ದೆ.
ಏನು ಹೇಳಲಿ? ಚಾ ಕುಡಿದೆ.
ಎರಡು ಬೀಡಿ ಸುತ್ತಲು ನೋಡಿದೆ, ಎಲೆ ಹರಿಯಿತು;
ತಾಯಿಮಗಳು ಇಬ್ಬರೂ ನಕ್ಕರು.
ಹಳೆಯದನ್ನು ನನ್ನ ಫೋನಿಗೂ ಹಾಕಿಸಿಕೊಂಡೆ,
ನನ್ನ ಹಾಡನ್ನು ನಾನೇ ಬೇಡಿ.

ಚಪ್ಪಲಿ ಹಾಕುವಾಗ ಕೂಗಿ ಹೇಳಿದರು:
‘ಮುಂದಿನದಕ್ಕೆ ಎರಡು ಕಡೆ ಉಸಿರು ಇಡು.
ವಯಸ್ಸಾಯ್ತು ನನಗೆ.’

ದಡದಲ್ಲಿ ದೋಣಿಯವ ಹಾರನ್ ಊದಿದ.
ಒಳಗೊಳಗೇ ಗುನುಗಿ ಶ್ರುತಿ ಹಿಡಿದು ನೋಡಿದೆ:
ನನ್ನ ಹಾಡಿಗಿಂತ ಅದು ಅರ್ಧ ಸ್ವರ ಕೆಳಗೆ.
ಪರವಾಗಿಲ್ಲ,
ಗಿಟಾರನ್ನೇ ಇಳಿಸಿದರಾಯಿತು.