ಮುಳ್ಳು ನಿಲ್ಲುವವರೆಗೆ

ಈ ಊರಲ್ಲಿ ಬೆಲೆಗಳನ್ನು ಪೆನ್ಸಿಲಿನಲ್ಲೇ ಬರೆಯಬೇಕು.
ರೊಸಾರಿಯೊದ ಮೂರು ಔಷಧಿ ಅಂಗಡಿ ಸುತ್ತಿ ಬರುವಷ್ಟರಲ್ಲಿ
ಮೊದಲ ಅಂಗಡಿಯ ಅಂಕಿ
ಒಲೆಯ ಪಕ್ಕ ಮರೆತ ಹಾಲಿನಂತೆ ಒಡೆದಿರುತ್ತದೆ.

ಕರೆಂಟು ಬಿಲ್ಲಿನ ಬೆನ್ನಿಗೆ ಗೆರೆ ಎಳೆದಿದ್ದೇನೆ.
ಮೊದಲು ಗುಳಿಗೆ. ದಿನಕ್ಕೆ ನಾಲ್ಕು, ಊಟಕ್ಕೆ ಅರ್ಧ ಗಂಟೆ ಮುಂಚೆ.
ಇಲ್ಲೇ ತಯಾರಾದದ್ದಕ್ಕೆ ಒಂದು ದರ,
ಹಡಗು ಹತ್ತಿ ಬಂದದ್ದಕ್ಕೆ ಅದರ ಮೂರರಷ್ಟು.
"ಒಳಗಿನ ಮದ್ದು ಒಂದೇ, ಡಬ್ಬಿ ಬೇರೆ" ಅನ್ನುತ್ತಾನೆ ತಾಬೊರ್ದಾ.
ಅಣ್ಣನ ಕೈಗೆ ಮಾತ್ರ ಹೇಗೋ ಡಬ್ಬಿಯ ಗುರುತು ಸಿಗುತ್ತದೆ.

ಆಮೇಲೆ ತೋಳಿಗೆ ಅಂಟಿಸುವ ಪಟ್ಟಿ:
ತಿಂಗಳಿಗೆ ನನ್ನ ಇಡೀ ಪಿಂಚಣಿ, ಮೇಲೊಂದಿಷ್ಟು ಚಿಲ್ಲರೆ.
ಹೊಟ್ಟೆಗೆ ಕೊಳವೆ, ಸೊಂಟಕ್ಕೆ ಪಂಪು ಎಂದರೆ
ಫೋನಿನ ಹುಡುಗಿ ಒಂದು ಕ್ಷಣ ಸುಮ್ಮನಾಗಿ
"ಕೂತಿದ್ದೀರಾ?" ಎಂದು ಕೇಳಿದಳು.
ಕೊನೆಯದು ರಾಜಧಾನಿಯಲ್ಲಿ.
ತಲೆಬುರುಡೆಗೆ ಎರಡು ತೂತು, ಎರಡು ತಂತಿ,
ಎದೆಯ ಚರ್ಮದಡಿ ಒಂದು ಬ್ಯಾಟರಿ.
ಇದನ್ನು ಪೆಸೊದಲ್ಲಿ ಹೇಳುವುದೇ ಇಲ್ಲ, ಡಾಲರಿನಲ್ಲಿ ಹೇಳುತ್ತಾರೆ;
ಬ್ಯಾಟರಿ ಸತ್ತಾಗ ಮತ್ತೊಮ್ಮೆ ಹೇಳುತ್ತಾರೆ.
ನಾನು ಮನೆಗಳ ಲೆಕ್ಕದಲ್ಲಿ ಬರೆದುಕೊಂಡೆ:
ನಮ್ಮ ಮನೆ ಒಂದು,
ಜೊತೆಗೆ ಪಕ್ಕದವರ ಅಡುಗೆಕೋಣೆ.

"ಏನೂ ಮಾಡದೆ ಬಿಟ್ಟರೆ?" ಡಾಕ್ಟರ್ ಬೆಲುಚ್ಚಿಯನ್ನು ಕೇಳಿದೆ.
ಅವರು ಕನ್ನಡಕ ಒರೆಸಿದರು.
ಅದಕ್ಕೂ ಒಂದು ಗೆರೆ ಎಳೆದೆ.
ಒಡೆದ ಲೋಟ ಹನ್ನೊಂದು.
ಸಹಿ ಹೊಂದಲಿಲ್ಲವೆಂದು ಬ್ಯಾಂಕು ಹಿಂದಿರುಗಿಸಿದ ಚೆಕ್ಕು ಎರಡು.
ಅಂಗಿಗಳ ಗುಂಡಿ ಬಿಚ್ಚಿ ಅಂಟುಪಟ್ಟಿ ಹೊಲಿದದ್ದಕ್ಕೆ
ಖರ್ಚು ಇಲ್ಲ, ಹೊಲಿದವಳು ನಾನೇ.
ಮತ್ತೆ ಮಾಟೆ ಕಷಾಯ:
ಮನೆಗೆ ಹಿರಿಯ ಅವನು, ಸುರಿದುಕೊಡುವ ಕೆಟಲು ಅವನದಾಗಿತ್ತು.
ಈಗ ನಾನು ಅರ್ಧ ಬುರುಡೆ ತುಂಬಿ ಕೊಡುತ್ತೇನೆ,
ಅವನು ಕಿಟಕಿಯ ಕಡೆ ತಿರುಗಿ ಹೀರುತ್ತಾನೆ.
ಇದರ ಮುಂದೆ ಖಾಲಿ ಬಿಟ್ಟಿದ್ದೇನೆ.

ಎವಾರಿಸ್ತೊ, ನನ್ನಣ್ಣ, ಬಂದರಿನ ತೂಕದವನು.
ಮೂವತ್ತೆಂಟು ವರ್ಷ ಪರಾನಾ ನದಿಯ ದಂಡೆಯಲ್ಲಿ
ಲಾರಿಗಟ್ಟಲೆ ಸೋಯಾ, ಗೋಧಿ, ಮುಸುಕಿನ ಜೋಳ.
ಅವನ ಅಂಕಿಯಲ್ಲಿ ಗುಲಗಂಜಿಯಷ್ಟೂ ಹೆಚ್ಚುಕಡಿಮೆ ಇರುತ್ತಿರಲಿಲ್ಲ.
ಲಾರಿಯವರು ಹಾರ್ನು ಒತ್ತಿ ಅವಸರ ಮಾಡಿದರೆ ಒಂದೇ ಉತ್ತರ:
"ನಡುಗುವ ಮುಳ್ಳನ್ನು ಓದಬಾರದಪ್ಪ. ನಿಲ್ಲಲಿ."

ನಿವೃತ್ತಿಯ ದಿನ ಅವನಿಗೊಂದು ತಕ್ಕಡಿ ಕೊಟ್ಟರು,
ಮಾದರಿ ಕಾಳು ತೂಗುವ ಹಿತ್ತಾಳೆಯದು, ಅಂಗೈಯಗಲ.
ಬೀರುವಿನ ಮೇಲಿತ್ತು. ತಿಂಗಳಿಗೊಮ್ಮೆ ಧೂಳು ಒರೆಸುತ್ತಿದ್ದೆ.

ಲೆಕ್ಕ ತಪ್ಪಿದ್ದು ಆಗಸ್ಟಿನ ಚಳಿಯಲ್ಲಿ.
ಮುಗಿಯಬೇಕಾದ ದಿನ ಗುಳಿಗೆ ಡಬ್ಬಿ ಮುಗಿದಿರಲಿಲ್ಲ.
ನಲವತ್ತು ವರ್ಷ ಗುಂಡಿ-ದಾರದ ಅಂಗಡಿ ನಡೆಸಿದವಳು,
ನನ್ನ ಲೆಕ್ಕದಲ್ಲಿ ಏನಾದರೂ ಕಡಿಮೆ ಬಿದ್ದೀತು,
ಹೆಚ್ಚಾಗಿ ಉಳಿಯುವುದಿಲ್ಲ.

ಬೆಳಗಿನ ಐದಕ್ಕೆ ಅಡುಗೆಕೋಣೆಯಲ್ಲಿ ದೀಪ.
ಗಿಣ್ಣು ಕತ್ತರಿಸುವ ಚಾಕು, ಮೇಜಿನ ಮೇಲೆ ಬಿಳಿ ಪುಡಿ,
ಒಂದು ತಟ್ಟೆಯಲ್ಲಿ ಅರ್ಧ ಗುಳಿಗೆ,
ಇನ್ನೊಂದರಲ್ಲಿ ಒಂದೇ ಒಂದು ಸೋಯಾ ಕಾಳು.
ಎರಡು ಹೋಳೂ ಸಮವಿರಬೇಕು.
ಹೀಗೆ ಒಂದು ತಿಂಗಳ ಡಬ್ಬಿಯನ್ನು ಎರಡು ತಿಂಗಳಿಗೆ ಎಳೆಯುತ್ತಿದ್ದ,
ನನ್ನ ಕರೆಂಟು ಬಿಲ್ಲನ್ನು ಅವನೂ ಓದಿದ್ದ.

ಕೈಗಳೆರಡನ್ನೂ ತೊಡೆಗಳ ಸಂದಿಯಲ್ಲಿ ಒತ್ತಿ ಹಿಡಿದು,
ಮೇಜಿಗೆ ಅವುಗಳ ಸುದ್ದಿ ಮುಟ್ಟದಂತೆ,
ಮುಳ್ಳನ್ನು ನೋಡುತ್ತ ಕೂತಿದ್ದ.

ಬೈಯಲು ಬಾಯಿ ತೆರೆದೆ.
ತಿರುಗದೆಯೇ ಅಂದ:
"ಉಸಿರು ಬಿಡಬೇಡ ಇರ್ಮಾ, ಇನ್ನೂ ನಿಂತಿಲ್ಲ."

ಬಿಗಿಹಿಡಿದೆ.
ಬೀದಿಯಲ್ಲಿ ಬಂದರಿಗೆ ಹೋಗುವ ಮೊದಲ ಲಾರಿಗಳು.
ಒಂದೊಂದು ಹಾದಾಗಲೂ
ಮುಳ್ಳು ಹೊಸದಾಗಿ ನಡುಗಿತು.