ಉಪ್ಪಿನ ಋಣ

ಮೂವತ್ತೆರಡು ಕಿಲೋಮೀಟರು, ತಿರುವಿಲ್ಲವೆಂದೇ ಹೇಳಬಹುದು.
ಬಡಗಿ ಸುಣ್ಣದ ದಾರ ಎಳೆದು ಬಿಟ್ಟಂತೆ
ನೀರಿನ ಮೇಲೊಂದು ಗೆರೆ.
ಬಸ್ಸಿನಲ್ಲಿ ಬಂದವರು ಗಾಳಿಗೆ ಟೋಪಿ ಒತ್ತಿ ಹಿಡಿದು
'ಅಬ್ಬಾ, ಮನುಷ್ಯರು ಕಟ್ಟಿದ್ದು!' ಎನ್ನುತ್ತಾರೆ.
ಹೌದು. ಅವರಲ್ಲೊಬ್ಬ ನನ್ನಜ್ಜ ರೀಕೆಲ್ಟ್,
ಉರ್ಕ್ ದ್ವೀಪದವನು. ಆಗ ಅದು ದ್ವೀಪ.

ದೋಣಿಯ ಸಾಲ ತೀರಿರಲಿಲ್ಲ. ಕೂಲಿ ಚೆನ್ನಾಗಿತ್ತು.
ಹೆರಿಂಗ್ ಬಲೆ ಹೆಣೆದ ಅದೇ ಬೆರಳುಗಳು
ವಿಲ್ಲೋ ಕಡ್ಡಿಯ ಚಾಪೆ ಹೆಣೆದವು,
ಚರ್ಚಿನ ಅಂಗಳದಷ್ಟು ಅಗಲ. ಮೇಲೆ ಕಲ್ಲು ಹೇರಿ
ಮುಳುಗಿಸಿದರು ಕಡಲ ತಳಕ್ಕೆ,
ಅದರ ಮೇಲೆ ಜೇಡಿ, ಜೇಡಿಯ ಮೇಲೆ ಜೇಡಿ.
ಸೆರೆಗೆ ಹೋಗುವವರಿಗೂ ಹಾಸಿಗೆ ಹಾಸಬೇಕಲ್ಲ,
ಎಂದಿದ್ದನಂತೆ.

ಮೇ ತಿಂಗಳ ಒಂದು ಮಧ್ಯಾಹ್ನ ಕೊನೆಯ ಕಂಡಿ ಮುಚ್ಚಿತು.
ಹಡಗುಗಳೆಲ್ಲ ಒಟ್ಟಿಗೆ ಕೂಗಿದವು.
ಅಜ್ಜ ಟೋಪಿ ತೆಗೆದ. ಗೆಲುವಿಗೋ ಸಾವಿಗೋ
ಪಕ್ಕದಲ್ಲಿದ್ದ ಲ್ಯುಬರ್ಟನಿಗೂ ತಿಳಿಯಲಿಲ್ಲ.
ಆಮೇಲೆ ಬಗ್ಗಿ, ಖಾಲಿ ಜಿನ್ ಬಾಟಲಿಯಲ್ಲಿ
ತೆಂಕಣ ಕಡಲನ್ನು ತುಂಬಿಕೊಂಡ.

ಕಾಗದದಲ್ಲಿ ಹೆಸರು ಬದಲಾಯಿತು: ಕಡಲು ಹೋಗಿ ಕೆರೆ.
ನದಿ ಬಂದು ಬಂದು ನೀರು ಸಿಹಿಯಾಯಿತು.
ಅಜ್ಜ ದಿನಾ ಬೆಳಿಗ್ಗೆ ದಕ್ಕೆಗೆ ಹೋಗಿ
ಬೆರಳದ್ದಿ ನೆಕ್ಕುತ್ತಿದ್ದ.
ನಿನ್ನೆಗಿಂತ ಸಪ್ಪೆ.
ನಿನ್ನೆಗಿಂತ ಸಪ್ಪೆ.
ಒಂದು ವಸಂತ ಆಂಚೋವಿ ಬಂದು
ಕಟ್ಟೆಗೆ ಮೂತಿ ತಾಗಿಸಿ ತಿರುಗಿ ಹೋಯಿತು.
'ಉಪ್ಪು ತಿಂದ ಮನೆಗೇ ಅಗುಳಿ ಹಾಕಿದವನು ನಾನು'
ಎಂದು ಅವನು ಕೊರಗುವಾಗೆಲ್ಲ, ಮಾರ್ಕೆನ್ನಿನಿಂದ ಬಂದ
ಅಜ್ಜಿ ಫೋಕ್ಯೆ, ಹದಿನಾರರ ನೆರೆಯಲ್ಲಿ ಹೋದ
ತಂಗಿಯ ಹೆಸರು ಹೇಳುತ್ತಿದ್ದಳು. ಅಷ್ಟೇ.

ಯುದ್ಧದ ಕೊನೆಯ ಚಳಿಗಾಲ. ಅಂಗಡಿಯಲ್ಲಿ ಉಪ್ಪಿಲ್ಲ.
ಕಪಾಟಿನಿಂದ ಬಾಟಲಿ ಇಳಿಸಿ
ಆಲೂಗಡ್ಡೆಯ ಪಾತ್ರೆಗೆ ಅಜ್ಜಿ ಸುರಿದೇಬಿಟ್ಟಳು,
ಹನ್ನೆರಡು ವರ್ಷದ ಕಡಲು, ಗೊಳಗೊಳ.
ಅಜ್ಜನಿಗೆ ಮೊದಲ ತುತ್ತಿಗೇ ಗೊತ್ತಾಯಿತು.
ಮಕ್ಕಳು ಉಸಿರು ಹಿಡಿದರು.
ಅಗಿದ. ನುಂಗಿದ.
ತಟ್ಟೆ ಮುಂದೆ ಚಾಚಿದ, ಇನ್ನೊಂದಿಷ್ಟಕ್ಕೆ.

ನಾನೀಗ ಇದೇ ಕಟ್ಟೆಯ ತೂಬು ಕಾಯುತ್ತೇನೆ.
ಮೀನು ಹಾಯಲೆಂದು ಕಟ್ಟೆಯನ್ನೇ ಕೊರೆದು
ಅಂಕುಡೊಂಕಿನ ಹೊಳೆಯೊಂದನ್ನು ಮಾಡುತ್ತಿದ್ದಾರೆ.
ಲೆಕ್ಕ ಬಲು ಕಷ್ಟವಂತೆ:
ಮೀನು ದಾಟಬೇಕು, ಉಪ್ಪು ದಾಟಬಾರದು.

ರಾತ್ರಿ ಪಾಳಿ. ರಸ್ತೆಯಲ್ಲಿ ಲಾರಿಯೂ ಇಲ್ಲ.
ಬಡಗಣ ಬದಿಗಿಳಿದು ಒಂದು ಬೆರಳು ಅದ್ದುತ್ತೇನೆ,
ರಸ್ತೆ ದಾಟಿ, ತೆಂಕಣ ಬದಿಯಲ್ಲಿ ಇನ್ನೊಂದು.
ಯಾವುದನ್ನು ಮೊದಲು ನೆಕ್ಕಬೇಕೆಂದು
ಪ್ರತಿ ಸಲವೂ ತಡವರಿಸುತ್ತೇನೆ.